ರಾಘುವಿಗೆ, ಭಾವನ ವಿಷಯವಾಗಿ

ಎಡಿಸನ್, ನ್ಯೂಜೆರ್ಸಿ
ಭಾನುವಾರ

ಪ್ರೀತಿಯ ತಮ್ಮ ರಾಘುವಿಗೆ ಅಕ್ಕನ ಆಶೀರ್ವಾದಗಳು. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಸುಮಾಳ ಕೈ ನೋವು ಇಳಿಯಿತೆಂದು ತಿಳಿದು ಸಮಾಧಾನವಾಯಿತು.

ನಿನ್ನ ಪತ್ರ ಬಂತು. ಭಾವನನ್ನು ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರಕ್ಕೆ ಸೇರಿಸುವ ಮೊದಲು ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಬರೆದಿದ್ದೀಯ. ಇನ್ನೂ ಸೇರಿಸಿಲ್ಲ ರಾಘು, ಬರುವ ತಿಂಗಳ ಮೊದಲ ವಾರಕ್ಕೆ ನಿಶ್ಚಯವಾಗಿದೆ. ಮಕ್ಕಳು ಒತ್ತಾಯ ಮಾಡಿದರೆಂದು ಊರಿನಲ್ಲಿ ಯಾರಾದರೂ ಅಂದರೆ ಅಲ್ಲೇ ತಡೆದು ಹೇಳು, ಇದು ನನ್ನ ತೀರ್ಮಾನ. ಇನ್ನಷ್ಟು ದಿನ ಮನೆಯಲ್ಲೇ ನೋಡೋಣ ಎಂದು ಅಜಿತ ಹಟ ಹಿಡಿದಿದ್ದ. ಬೇಡ ಎಂದವಳು ನಾನು.

ಡಿಸೆಂಬರ್‌ನಲ್ಲಿ ನಡೆದದ್ದನ್ನು ಫೋನಿನಲ್ಲಿ ಅರ್ಧ ಮಾತ್ರ ಹೇಳಿದ್ದೆ. ನಸುಕಿನಲ್ಲಿ ಇವರು ಬಾಗಿಲು ತೆಗೆದು ಹೊರಟುಬಿಟ್ಟಿದ್ದರು. ಮೈಮೇಲೆ ಬನಿಯನ್ನು, ಪಂಚೆ, ಕಾಲಿಗೆ ಮನೆಯೊಳಗೆ ಹಾಕುವ ಚಪ್ಪಲಿ. ಹೊರಗೆ ಹಿಮ ಬಿದ್ದಿತ್ತು. ದೊಡ್ಡ ರಸ್ತೆಯ ಹತ್ತಿರ ಪೊಲೀಸರು ನಿಲ್ಲಿಸಿದಾಗ "ತಾಳಗುಪ್ಪದ ರೈಲು ತಪ್ಪುತ್ತದೆ, ಬಿಡಿ" ಎಂದು ಕನ್ನಡದಲ್ಲಿ ಗದರಿದರಂತೆ. ಮಣಿಕಟ್ಟಿನ ಪಟ್ಟಿಯಲ್ಲಿ ನನ್ನ ನಂಬರ್ ಇದ್ದುದರಿಂದ ಮನೆಗೆ ತಲುಪಿದರು. ಕಾಲ್ಬೆರಳು ಬಿಳಿಚಿಕೊಂಡು ಮರಗಟ್ಟಿದ್ದವು. ಈಗ ಪೂರ್ತಿ ಸರಿಹೋಗಿವೆ, ಗಾಬರಿಯಾಗಬೇಡ.

ಅಂದಿನಿಂದ ಬಾಗಿಲಿಗೆ ಮೇಲಿನ ಚಿಲಕ. ರಾತ್ರಿಯೆಲ್ಲ ಅದನ್ನು ಬಡಿಯುತ್ತಾರೆ. "ಮನೆಗೆ ಹೋಗೋಣ ನಡಿ" ಎಂದು ನನ್ನ ಕೈ ಎಳೆಯುತ್ತಾರೆ, ತಾವೇ ಸಾಲ ತೀರಿಸಿ ಕೊಂಡ ಮನೆಯ ನಡುಮನೆಯಲ್ಲಿ ನಿಂತು. ಹೊತ್ತು ಮುಳುಗುವಾಗ ಈ ತಳಮಳ ಏರುವುದು ಈ ಕಾಯಿಲೆಯ ಗುಣವೇ ಅಂತೆ.

ಸಾಗರಕ್ಕೆ ಕರೆತಾ, ತೋಟ ನೋಡಿದರೆ ಅರ್ಧ ಕಾಯಿಲೆ ಹೋಗುತ್ತದೆ ಎಂದಿದ್ದೀಯ. ಅದನ್ನು ಓದಿ ಅತ್ತುಬಿಟ್ಟೆ. ಆದರೆ ಅಲ್ಜೈಮರ್‌ನಲ್ಲಿ ಮಿದುಳಿನ ಜೀವಕೋಶಗಳೇ ಸಾಯುತ್ತ ಹೋಗುತ್ತವೆ, ಊರಿನ ಗಾಳಿಗೆ ಅವು ಮರಳುವುದಿಲ್ಲ. ನಮ್ಮ ಅಂಗಳದ ಬಾವಿ, ತೋಟಕ್ಕಿಳಿಯುವ ಪಾಚಿ ಕಟ್ಟಿದ ಮೆಟ್ಟಿಲು, ಮಳೆಗಾಲದ ಹಳ್ಳ, ಎಲ್ಲವೂ ಕಣ್ಣಮುಂದೆ ಬಂದವು. ರಾತ್ರಿ ಎರಡು ಗಂಟೆಗೆ ಇವರು ಎದ್ದು ಹೊರಟರೆ ನೀನೂ ಸುಮಾಳೂ ಎಷ್ಟು ದಿನ ಕಾಯುತ್ತೀರಿ? ನಿನಗೂ ಸಕ್ಕರೆ ಕಾಯಿಲೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನೈಟಿಂಗೇಲ್ಸ್ ಟ್ರಸ್ಟಿನವರು ಮರೆವಿನ ಕಾಯಿಲೆಯವರಿಗೆಂದೇ ಕೇಂದ್ರ ನಡೆಸುತ್ತಾರೆ ಎಂಬುದೆಲ್ಲ ಗೊತ್ತು. ಅಲ್ಲಿಗೆ ಬಂದರೆ ಮಕ್ಕಳು ದೂರವಾಗುತ್ತಾರೆ, ವೃದ್ಧರಿಗೆಂದು ಇಲ್ಲಿನ ಸರ್ಕಾರ ನಡೆಸುವ ಮೆಡಿಕೇರ್ ವಿಮೆ ಅಲ್ಲಿನ ಆಸ್ಪತ್ರೆ ಖರ್ಚಿಗೆ ನಡೆಯುವುದಿಲ್ಲ. ಅದೂ ಅಲ್ಲದೆ ಅಷ್ಟು ಹೊತ್ತಿನ ವಿಮಾನ ಪ್ರಯಾಣವನ್ನು ಇವರಿಂದ ಮಾಡಿಸುವ ಧೈರ್ಯ ನನಗಿಲ್ಲ.

ಜಾಗ ಆರಿಸಿದ್ದು ಹೇಗೆಂದು ಕೇಳಿದ್ದೀಯ. ಪಲ್ಲವಿ ಮೊದಲು ರಾಜ್ಯದ ಆರೋಗ್ಯ ಇಲಾಖೆಯ ತಪಾಸಣಾ ವರದಿಗಳನ್ನು ಓದಿದಳು. ಯಾವ ಕೇಂದ್ರದಲ್ಲಿ ಯಾವ ಲೋಪ ಸಿಕ್ಕಿತೆಂದು ಇಲ್ಲಿ ಯಾರು ಬೇಕಾದರೂ ನೋಡಬಹುದು. ಆಮೇಲೆ ಕೆಲವು ಕಡೆ ಹೋಗಿ ಬಂದೆವು. ಒಂದರ ಹಜಾರದಲ್ಲಿ ಅಮೃತಶಿಲೆ, ಪಿಯಾನೊ, ಗೋಡೆಯುದ್ದದ ಮೀನಿನ ತೊಟ್ಟಿ. ಅಜಿತನಿಗೆ ಹಿಡಿಸಿತ್ತು. ಮತ್ತೊಂದು ಸಂಜೆ ಅಲ್ಲಿಗೇ ಹೇಳದೆ ಹೋದೆ. ಎಲ್ಲರನ್ನೂ ಟಿವಿಯ ಮುಂದೆ ಸಾಲಾಗಿ ಕೂರಿಸಿದ್ದರು. ಒಬ್ಬ ಅಜ್ಜಿ ಅಮ್ಮ ಎಲ್ಲಿ ಎಂದು ಕೇಳುತ್ತಲೇ ಇದ್ದಳು, ಪಕ್ಕದಲ್ಲಿದ್ದ ಹುಡುಗಿ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಲ್ಲಿಂದ ಎದ್ದು ಬಂದೆ.

ಈಗ ಗೊತ್ತು ಮಾಡಿರುವುದು ಚಿಕ್ಕದು, ಗೋಡೆಯ ಬಣ್ಣ ಹಳೆಯದು. ನಾವು ಹೋದಾಗ ಘಾನಾ ದೇಶದ ಹೆಂಗಸೊಬ್ಬಳು ಒಬ್ಬ ಮುದುಕನ ಎದುರು ಮಂಡಿಯೂರಿ ಕೂತು, ಅವನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತ ಟವೆಲ್ ಮಡಚಿಸುತ್ತಿದ್ದಳು. ಅವನು ಮಡಚಿದ್ದನ್ನು ಎತ್ತಿಕೊಂಡು ಹೋಗಿ, ಕೆದರಿ, ಮತ್ತೆ ತಂದುಕೊಟ್ಟಳು. ನಿಮ್ಮಿಂದ ದೊಡ್ಡ ಉಪಕಾರವಾಯಿತು ಎಂದಳು. ಆ ಮುಖದಲ್ಲಿ ಬಂದ ಕಳೆಯನ್ನು ನೀನು ನೋಡಬೇಕಿತ್ತು. ಇವರೂ ಜೀವನವೆಲ್ಲ ಕೆಲಸ ಮಾಡಿದವರು, ಕೈ ಖಾಲಿ ಇದ್ದರೆ ಒದ್ದಾಡುತ್ತಾರೆ.

ಊಟದ ತಟ್ಟೆಗಳು ಕೆಂಪು. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಇವರಂಥವರ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲವಂತೆ. ಮನೆಗೆ ಬಂದು ಮೊಸರನ್ನವನ್ನು ನೀಲಿ ತಟ್ಟೆಗೆ ಬಡಿಸಿದೆ, ಇವರು ಒಂದಗುಳೂ ಬಿಡದೆ ಉಂಡರು. ಓಡಾಡುವ ದಾರಿ ಒಂದು ಸುತ್ತು ಹಾಕಿ ಅಲ್ಲಿಗೇ ಬರುತ್ತದೆ, ಮುಚ್ಚಿದ ಬಾಗಿಲು ಎದುರಾಗುವುದಿಲ್ಲ. ಪ್ರತಿ ಕೋಣೆಯ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಅವರವರ ಹಳೆಯ ಫೋಟೊ, ಸಾಮಾನು. ವಾರಕ್ಕೊಮ್ಮೆ ಒಂದು ನಾಯಿ ಬರುತ್ತದೆ, ಅದರ ಕೊರಳಿಗೂ ಗುರುತಿನ ಚೀಟಿ! ಮಡಿಲಿಗೆ ತಲೆ ಇಟ್ಟು ಕೂರುತ್ತದೆ. ಈ ಅಮೆರಿಕದವರು ಇಂಥದ್ದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆಂದರೆ ನಿಜಕ್ಕೂ ಮೆಚ್ಚಬೇಕು.

ನಾನೂ ಬಿಡದೆ ಕೇಳಿದೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ, ಬಿದ್ದರೆ ಯಾರಿಗೆ ಮೊದಲು ಫೋನ್, ಸ್ನಾನ ಮಾಡಿಸಲು ಗಂಡಸರಿದ್ದಾರೆಯೇ, ಕಾಯಿಲೆ ಬಲಿತಾಗ ಬೇರೆ ಕಡೆ ಹೋಗಿ ಎನ್ನುವಿರಾ. ಗಲಾಟೆ ಮಾಡಿದರೆ ಮಾತ್ರೆ ಕೊಟ್ಟು ಮಲಗಿಸುವಿರಾ ಎಂಬುದನ್ನಂತೂ ತಿರುಗಿಸಿ ತಿರುಗಿಸಿ ಕೇಳಿದೆ. ಮರೆವಿನ ಕಾಯಿಲೆಯ ವೃದ್ಧರಿಗೆ ಅಂಥ ಕೆಲವು ಮನೋರೋಗದ ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆಂದು ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಮೊದಲು ನೋವಿದೆಯೇ, ಮೂತ್ರದ ಸೋಂಕಿದೆಯೇ ನೋಡುತ್ತೇವೆ, ನಿಮ್ಮನ್ನು ಕೇಳದೆ ಕೊಡುವುದಿಲ್ಲ ಎಂದು ಬರೆದುಕೊಟ್ಟರು.

ಕನ್ನಡ ಬಲ್ಲವರು ಅಲ್ಲಿ ಯಾರೂ ಇಲ್ಲ, ಅದೊಂದೇ ಕೊರತೆ. ಇವರಿಗೆ ಇಂಗ್ಲಿಷ್ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ನೀರು, ಊಟ, ನೋವು, ಬಚ್ಚಲು, ಚಳಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೋಣೆಯ ಗೋಡೆಗೆ ಅಂಟಿಸಲು ಕೊಟ್ಟಿದ್ದೇನೆ. ಮಧ್ಯಾಹ್ನದ ಊಟಕ್ಕೆ ನಾನೇ ಹೋಗುತ್ತೇನೆ, ಕಾರಿನಲ್ಲಿ ಹತ್ತೇ ನಿಮಿಷ. ತಂಬುಳಿ ಒಯ್ಯಲು ಒಪ್ಪಿದ್ದಾರೆ.

ದುಡ್ಡಿನ ಚಿಂತೆ ನಿನಗೆ ಬೇಡವೇ ಬೇಡ. ತಿಂಗಳಿಗೆ ಒಂಬತ್ತು ಸಾವಿರ ಡಾಲರ್ ದಾಟುತ್ತದೆ, ಆರೈಕೆ ಹೆಚ್ಚಿದಂತೆ ಅದೂ ಏರುತ್ತದೆ. ಮೆಡಿಕೇರ್ ಇದಕ್ಕೆ ಕಾಸು ಕೊಡುವುದಿಲ್ಲ. ಆದರೆ ಇವರು ಕೆಲಸದಲ್ಲಿದ್ದಾಗಲೇ ದೀರ್ಘಕಾಲದ ಆರೈಕೆಗೆಂದು ವಿಮೆ ಕಟ್ಟಿದ್ದರು. ಮೊದಲ 90 ದಿನ ನಮ್ಮ ಕೈಯಿಂದ, ಆಮೇಲೆ ದೊಡ್ಡ ಪಾಲು ಅದರಿಂದ ಬರುತ್ತದೆ. ಬುದ್ಧಿ ನೆಟ್ಟಗಿದ್ದಾಗಲೇ ನನ್ನ ಹೆಸರಿಗೆ ಅಧಿಕಾರ ಪತ್ರವನ್ನೂ ಮಾಡಿಟ್ಟಿದ್ದರು, ಅಷ್ಟು ಮುಂದಾಲೋಚನೆಯ ಮನುಷ್ಯ. ನಿನ್ನ ಪಾಲಿನ ತೋಟ ಮಾರುವ ಮಾತು ಇನ್ನೊಮ್ಮೆ ಎತ್ತಿದರೆ ನನಗೆ ಕೋಪ ಬರುತ್ತದೆ.

ನನ್ನ ರಕ್ತದೊತ್ತಡ ಸರಿಯಾಗಿದೆ, ಮಂಡಿನೋವು ಇಲ್ಲವೇ ಇಲ್ಲ ಎನ್ನಬೇಕು, ನಿದ್ದೆ ಚೆನ್ನಾಗಿ ಬರುತ್ತಿದೆ. ಮಕ್ಕಳು ಮೇಲಿಂದ ಮೇಲೆ ಬರುತ್ತಾರೆ. ನಾನು ಗಟ್ಟಿಯಾಗಿದ್ದೇನೆ.

ನೀನು ಮಾಡಬೇಕಾದ್ದು ಇಷ್ಟೇ. ಫೋನಿನಲ್ಲಿ "ಭಾವ, ನಾನು ಯಾರು ಹೇಳಿ ನೋಡೋಣ" ಎಂದು ಕೇಳಬೇಡ. ಹೇಳಲಾಗದೆ ಮುಖ ಚಿಕ್ಕದು ಮಾಡಿಕೊಂಡು ಎದ್ದು ಹೋಗುತ್ತಾರೆ. "ನಾನು ರಾಘು, ಸಾಗರದಿಂದ" ಎಂದು ನೀನೇ ಶುರು ಮಾಡು. ನಿನ್ನ ಹತ್ತಿರ ಇರುವ ತಾಳಮದ್ದಲೆಯ ಹಳೆಯ ಧ್ವನಿಮುದ್ರಣಗಳನ್ನು ಮೊಬೈಲಿಗೆ ಹಾಕಿಸಿ ಕಳಿಸು. ಮದ್ದಲೆ ಕೇಳಿದರೆ ಈಗಲೂ ಬೆರಳು ಸರಿಯಾಗಿ ತಾಳ ಹಾಕುತ್ತವೆ. ಚಿಕ್ಕಮ್ಮನಿಗೆ ಡಿಸೆಂಬರ್‌ನ ಸಂಗತಿ ತಿಳಿಯುವುದು ಬೇಡ.

ಆ ಕೇಂದ್ರದ ನರ್ಸ್ ಇವರನ್ನು ನೋಡಲು ಬಂದಿದ್ದಾಳೆ, ಕರೆಗಂಟೆ ಆಯಿತು. ಉಳಿದದ್ದು ಫೋನಿನಲ್ಲಿ. ಸುಮಾಳಿಗೆ, ಮಕ್ಕಳಿಗೆ ಆಶೀರ್ವಾದ.

ಇಂತು,
ಅಕ್ಕ