ಹಳೇ ಲೇತ್ ಕೊಳ್ಳುವ ಮುಂಚೆ

ಮಾನ್ಯರೇ,

ದಾವಣಗೆರೆಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲೇ ಹಳೇ ಲೇತ್ (ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಯಂತ್ರ) ಇಟ್ಟುಕೊಳ್ಳುವ ಆಸೆ ಕೆಲವು ಹುಡುಗರಿಗೆ ಹತ್ತಿದೆ. ಒಳ್ಳೇದೇ. ಆದರೆ ಹೊಸ ಪೇಂಟ್ ನೋಡಿ ದುಡ್ಡು ಕೊಡಬೇಡಿ. ಸ್ಯಾಡಲ್ಲನ್ನು (ಟೂಲ್ ಹೊತ್ತು ಜಾರುವ ಭಾಗ) ಚಕ್ (ತುಂಡನ್ನು ಹಿಡಿದು ತಿರುಗಿಸುವ ಹಿಡಿ) ಹತ್ತಿರ ತಂದು, ಆಟ ಇಲ್ಲದ ಹಾಗೆ ಗಿಬ್ (ಸಡಿಲ ಸರಿಪಡಿಸುವ ಪಟ್ಟಿ) ಬಿಗಿ ಮಾಡಿ, ಆಮೇಲೆ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆ ತಳ್ಳಿ. ಅಲ್ಲಿ ಹೋಗಿ ಹಿಡಿದುಕೊಂಡರೆ ಬೆಡ್ (ಸ್ಯಾಡಲ್ ಜಾರುವ ಹಾದಿ) ಚಕ್ ಬಳಿ ಸವೆದಿದೆ ಅಂತಲೇ ಲೆಕ್ಕ, ಮಾರುವವನು ಏನೇ ಹೇಳಲಿ.

ಇನ್ನು ಕತ್ತರಿಸುವ ಟೂಲ್‌ನ ಎತ್ತರ. ಮಷಿನ್ ಆಫ್ ಮಾಡಿ, ಟೂಲ್ ತುದಿಗೂ ಗುಂಡು ಜಾಬ್‌ಗೂ (ಚಕ್ಕಿನಲ್ಲಿ ಹಿಡಿದ ತುಂಡಿಗೂ) ನಡುವೆ ತೆಳು ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಸಿಕ್ಕಿಸಿ. ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಜಾಬ್‌ನ ನಡುಮಟ್ಟಕ್ಕಿಂತ ಕೆಳಗಿದೆ, ತಗಡಿನ ಪಟ್ಟಿ ಕೊಟ್ಟು ಎತ್ತಿ. ಆಚೆ ವಾಲಿದರೆ ಇಳಿಸಿ.

ಸ್ಪೀಡ್ ವಿಷಯದಲ್ಲಿ ಸುಮ್ನೆ ಆತುರ ಜಾಸ್ತಿ. ಮೈಲ್ಡ್ ಸ್ಟೀಲಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಹಾಕಿದರೆ ಕತ್ತರಿಸುವ ವೇಗ ನಿಮಿಷಕ್ಕೆ ಸುಮಾರು 30 ಮೀಟರ್ ಸಾಕು, ಅಂದರೆ 25 ಮಿ.ಮೀ. ದಪ್ಪದ ರಾಡಿಗೆ ನಿಮಿಷಕ್ಕೆ 380 ಸುತ್ತಿನ ಆಸುಪಾಸು. ಇನ್ನೂ ಗಟ್ಟಿಯಾದ ಕಾರ್ಬೈಡ್ ಟೂಲಿಗೆ ಇನ್ನೂ ವೇಗ ಬೇಕು, ಸಣ್ಣ ಹಳೇ ಮಷಿನ್ನು ಅದಕ್ಕೆ ನಡುಗುತ್ತೆ, ಹಾಗಾಗಿ ಮನೆಗೆ ಎಚ್‌ಎಸ್‌ಎಸ್ಸೇ ವಾಸಿ ಅಂತ ನನ್ನ ಅಭಿಪ್ರಾಯ. ಗ್ರೈಂಡರಿನಲ್ಲಿ ನಾವೇ ಸಾಣೆ ಹಿಡಿಯಬಹುದು.

ಹೌದು, ಗ್ಲೌಸ್ ಹಾಕಿಕೊಂಡು ಲೇತ್ ಓಡಿಸುವವರಿದ್ದಾರೆ. ತೆಗೆಯಿರಿ, ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತೆ.

ನಮ್ಮ ಐಟಿಐಗಳಲ್ಲಿ ಸಂಜೆ ಹೊತ್ತು ಟರ್ನರ್ ಕೆಲಸ (ಲೇತ್ ಕೆಲಸ) ಕಲಿಸಿದರೆ ಇಂಥ ಹುಡುಗರು ಬರ್ತಾರೆ ಅಲ್ವಾ? ಸಂಬಂಧಪಟ್ಟವರು ಯೋಚಿಸಲಿ.

– ಓದುಗ, ದಾವಣಗೆರೆ