ಉಪ್ಪಿಟ್ಟು ಬರೆಯುವವಳಿಗೆ

ಪ್ರಿಯ ಗೆಳತಿ,

ನಿನ್ನ ಉಪ್ಪಿಟ್ಟಿನ ಪಾಕವಿಧಾನದ ಕರಡು ಬಂತು. ನಾಲ್ಕು ಪುಟ. ಮೊದಲ ಎರಡೂವರೆ ಪುಟದಲ್ಲಿ ಮಳೆ ಬರುತ್ತದೆ, ಕಿಟಕಿಗೆ ಹನಿ ಬಡಿಯುತ್ತದೆ, ಅಜ್ಜಿ ಬರುತ್ತಾರೆ, ಹೋಗುತ್ತಾರೆ, ರವೆ ಮಾತ್ರ ಡಬ್ಬಿ ಬಿಟ್ಟು ಹೊರಗೆ ಬರುವುದಿಲ್ಲ. ಓದುವವಳು ಅಷ್ಟು ಹೊತ್ತಿಗೆ ಒಂದು ಕೈಯಲ್ಲಿ ಸೌಟು, ಇನ್ನೊಂದರ ಒದ್ದೆ ಬೆರಳಲ್ಲಿ ಫೋನು ಹಿಡಿದುಕೊಂಡು, ಒಗ್ಗರಣೆ ಸೀಯುತ್ತಿದೆಯಾ ಅಂತ ಮೂಗಲ್ಲೇ ಕಾವಲು ಕಾಯುತ್ತಿರುತ್ತಾಳೆ. ಅಜ್ಜಿ ಇರಲಿ, ನಾಲ್ಕು ಸಾಲಲ್ಲಿ ಇರಲಿ. ಅದೂ ಅವರು ಉಪ್ಪಿಟ್ಟಿಗೆ ಏನಾದರೂ ಮಾಡುತ್ತಿದ್ದರೆ ಮಾತ್ರ. ಹುರಿಯುವಾಗ ರವೆಗೆ ಒಂದು ಚಮಚ ತುಪ್ಪ ಸವರುತ್ತಿದ್ದರಾ? ಅದನ್ನು ಬರೆ. ಸುಕ್ಕುಗಟ್ಟಿದ ಕೈಗಳ ವರ್ಣನೆ ಬಿಡು, ಎಲ್ಲ ಅಜ್ಜಿಯರ ಕೈಯೂ ಸುಕ್ಕುಗಟ್ಟಿಯೇ ಇರುತ್ತದೆ.

'ಸಾವಿರಾರು ವರ್ಷಗಳ ಇತಿಹಾಸವಿರುವ ನಮ್ಮ ಉಪ್ಪಿಟ್ಟು' ಅನ್ನುವ ಸಾಲನ್ನು ಹೊಡೆದು ಹಾಕಿದ್ದೇನೆ. ಅದರ ಕೆಳಗೇ ನಾಲ್ಕು ಹಸಿಮೆಣಸಿನಕಾಯಿ ಕೂತಿವೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಇಲ್ಲಿಗೆ ತಂದವರು ಪೋರ್ಚುಗೀಸರು. ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದೇ 1498ರಲ್ಲಿ. ಅದಕ್ಕೆ ಮುಂಚೆ ನಮ್ಮ ಖಾರವೆಲ್ಲ ಕಾಳುಮೆಣಸು, ಶುಂಠಿ, ಹಿಪ್ಪಲಿ. ಇಡ್ಲಿಗೆ ಹಳೆಯ ದಾಖಲೆ ಇದೆಯಲ್ಲ ಅಂತೀಯ. ಇದೆ. ಆದರೆ ಸುಮಾರು 1025ರಲ್ಲಿ ಚಾವುಂಡರಾಯ (ಗೊಮ್ಮಟನ ಚಾವುಂಡರಾಯನಲ್ಲ, ಇನ್ನೊಬ್ಬ) ಬರೆದ 'ಲೋಕೋಪಕಾರ' ಅನ್ನುವ ಗ್ರಂಥದ ಇಡ್ಲಿಯಲ್ಲಿ ಉದ್ದು, ಮಜ್ಜಿಗೆ, ಮೊಸರಿನ ತಿಳಿ, ಮಸಾಲೆ ಇವೆ, ಅಕ್ಕಿಯೇ ಇಲ್ಲ. ಹೆಸರು ಹಳೆಯದಾದ ಮಾತ್ರಕ್ಕೆ ತಟ್ಟೆಯಲ್ಲಿರುವುದೂ ಹಳೆಯದು ಅಂದುಕೊಳ್ಳಬೇಡ.

ಈಗ ಅಳತೆ. 'ಒಂದು ಲೋಟ ರವೆ' ಅಂದಿದ್ದೀಯ. ಕಾಫಿ ಲೋಟವೋ, ನೀರಿನ ಲೋಟವೋ? ಅಂಗಡಿಯ ಅಳತೆ ಕಪ್ಪು ಸಾಮಾನ್ಯವಾಗಿ 240 ಮಿಲಿ. ರೈಸ್ ಕುಕ್ಕರಿನ ಜೊತೆ ಬರುವ ಕಪ್ಪು 180 ಮಿಲಿ. ಟೇಬಲ್ ಚಮಚ ನಮ್ಮಲ್ಲಿ 15 ಮಿಲಿ, ಸಿಡ್ನಿಯಲ್ಲಿ ಕೂತು ನಿನ್ನನ್ನು ಓದುವ ಕನ್ನಡತಿಗೆ 20 ಮಿಲಿ. ರವೆಗೂ ನೀರಿಗೂ ಒಂದೇ ಲೋಟ ಹಿಡಿದರೆ ಅವೆರಡರ ಲೆಕ್ಕ ತಪ್ಪುವುದಿಲ್ಲ, ನಿಜ. ಕೆಡುವುದು ಉಪ್ಪು. ಅದನ್ನು ನೀನು ಚಮಚದಲ್ಲಿ ಹೇಳಿದ್ದೀಯ. ಲೋಟ ಸಣ್ಣದಾದರೂ ಚಮಚ ಅಷ್ಟೇ ಇರುತ್ತದೆ, ಉಪ್ಪಿಟ್ಟು ಸಮುದ್ರವಾಗುತ್ತದೆ. ಅದಕ್ಕೇ ಕಪ್ಪಿನ ಪಕ್ಕದಲ್ಲಿ ಗ್ರಾಂ ಬರೆ: 1 ಕಪ್ ರವೆ, ಸುಮಾರು 170 ಗ್ರಾಂ. ಒಂದು ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳು. ಕ್ಯಾಮೆರಾಕ್ಕಿಂತ ಮೊದಲು ಅದು ಬೇಕು.

ಅಮ್ಮನನ್ನು 'ಎಷ್ಟು ಹಾಕಿದೆ' ಅಂತ ಕೇಳಿದರೆ 'ಕಣ್ಣಳತೆ ಕಣೆ' ಅಂತಾರೆ, ಮಾತು ಮುಗಿಯಿತು. ಕೇಳಬೇಡ. ರವೆ ಡಬ್ಬಿ, ಉಪ್ಪಿನ ಡಬ್ಬಿ, ಎಣ್ಣೆ ಜಗ್ಗು ಮೂರನ್ನೂ ಮೊದಲೇ ತೂಗಿಡು. ಅವರು ಮಾಮೂಲಿನಂತೆ ಮಾಡಲಿ. ಮುಗಿದ ಮೇಲೆ ಮತ್ತೆ ತೂಗು, ಎಷ್ಟು ಕಮ್ಮಿಯಾಗಿದೆಯೋ ಅದೇ ಕಣ್ಣಳತೆ. ಮೂರು ಬೇರೆ ಬೇರೆ ದಿನ ಮಾಡು. ಮೂರೂ ಸಲ ಹತ್ತಿರ ಹತ್ತಿರ ಬಂದರೆ ಬರೆದುಕೊ. ಒಂದು ದಿನದ್ದು ತೀರಾ ಬೇರೆ ಬಂದರೆ ಅವತ್ತು ರವೆ ಬೇರೆ ಬ್ರಾಂಡಿನದೋ, ಮನೆಗೆ ನೆಂಟರು ಬಂದಿದ್ದರೋ ವಿಚಾರಿಸು.

'ರುಚಿಗೆ ತಕ್ಕಷ್ಟು ಉಪ್ಪು' ಸಾರಿಗೆ ನಡೆಯುತ್ತದೆ. ಸಾರನ್ನು ಕುದಿಯುವಾಗ ಅಂಗೈಗೆ ಬಿಟ್ಟು ನೆಕ್ಕಿ ನೋಡಬಹುದು. ಉಪ್ಪಿಟ್ಟಿನಲ್ಲಿ ರುಚಿ ನೋಡುವ ಹೊತ್ತಿಗೆ ರವೆ ಬೆಂದು ಬಾಯಿ ಮುಚ್ಚಿಕೊಂಡಿರುತ್ತದೆ, ಮೇಲೆ ಉದುರಿಸಿದ ಉಪ್ಪು ಅಲ್ಲಲ್ಲೇ ಕಚ್ಚುತ್ತದೆ. ಹಾಗಾಗಿ ಉಪ್ಪು ನೀರಿಗೇ ಹೋಗಬೇಕು: 1 ಕಪ್ ರವೆಗೆ 1¼ ಟೀ ಚಮಚ ಪುಡಿ ಉಪ್ಪು. ಪುಡಿ ಅಂತ ಕಡ್ಡಾಯವಾಗಿ ಹೇಳು. ಕಲ್ಲುಪ್ಪಿನ ಹರಳುಗಳ ನಡುವೆ ಸಂದಿ ಇರುವುದರಿಂದ ಒಂದು ಚಮಚಕ್ಕೆ ಹಿಡಿಯುವ ತೂಕ ಕಡಿಮೆ. ರುಚಿಯ ಗುರುತನ್ನೂ ಕೊಡು: ಕುದಿಯುವ ನೀರು ನಾಲಿಗೆಗೆ ಸಾರಿಗಿಂತ ಒಂದು ಗುಲಗಂಜಿ ಉಪ್ಪು ಮುಂದೆ ಅನಿಸಬೇಕು.

ಬರೀ 'ರವೆ' ಅಂದರೂ ಸಾಲದು. ಚಿರೋಟಿ ರವೆಯಲ್ಲಿ ಮಾಡಿದರೆ ಅಂಟು ಮುದ್ದೆ. ಬಾಂಬೆ ರವೆಗೆ ಎರಡೂವರೆ ಪಾಲು ನೀರು, ದಪ್ಪ ಕಾಳಿನ ಬನ್ಸಿ ರವೆಗೆ ಮೂರು. ಉಪ್ಪಿಟ್ಟಿಗೆ 'ಕಾಂಕ್ರೀಟ್' ಅಂತ ಹೆಸರು ಬಿದ್ದಿರುವುದಕ್ಕೆ ಅರ್ಧ ಕಾರಣ ಬನ್ಸಿ ರವೆಗೆ ಬಾಂಬೆ ರವೆಯ ನೀರು ಹಾಕಿದವರು, ಇನ್ನರ್ಧ ಆರಿದ ಮೇಲೆ ಬಡಿಸಿದವರು.

ಇನ್ನು ವಿಧಾನ. ನೀನು ಬರೆದದ್ದು: 'ರವೆಯನ್ನು ಹುರಿದುಕೊಳ್ಳಿ. ಒಗ್ಗರಣೆ ಹಾಕಿ, ನೀರು ಕುದಿಸಿ, ರವೆ ಸೇರಿಸಿ ಕೈಯಾಡಿಸಿ.' ಉಪ್ಪಿಟ್ಟು ಮಾಡಲು ಬರುವವರಿಗೆ ಇದರಲ್ಲಿ ಏನೂ ತಪ್ಪಿಲ್ಲ. ಅವರು ಇದನ್ನು ಓದುವುದೂ ಇಲ್ಲ. ಬರದವಳಿಗೆ ಹೀಗೆ ಹೇಳಬೇಕು:

'ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ ರವೆ ಹುರಿಯಿರಿ. ಬಣ್ಣ ತಿರುಗಬಾರದು. ಘಮ ಬಂದು, ಸೌಟಿನಿಂದ ತಳ್ಳಿದರೆ ಒಣ ಮರಳಿನಂತೆ ಸರಸರ ಜಾರಬೇಕು. ಕೂಡಲೇ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕೆಂಪಾಗುತ್ತದೆ. ಅದೇ ಬಾಣಲೆಗೆ 3 ಟೇಬಲ್ ಚಮಚ ಎಣ್ಣೆ. ಒಂದು ಸಾಸಿವೆ ಕಾಳು ಹಾಕಿ ನೋಡಿ, ತಕ್ಷಣ ಸಿಡಿದರೆ ಉಳಿದದ್ದನ್ನು ಹಾಕಿ. ಚಿಟಪಟ ಅರ್ಧ ಇಳಿದಾಗ 2 ಟೀ ಚಮಚ ಕಡಲೆಬೇಳೆ, ಅರ್ಧ ನಿಮಿಷ ಬಿಟ್ಟು 1 ಟೀ ಚಮಚ ಉದ್ದಿನಬೇಳೆ.'

ಆ ಅರ್ಧ ನಿಮಿಷ ಯಾಕೆ ಅಂತಲೂ ಒಂದು ಸಾಲು ಸೇರಿಸು. ಕಡಲೆಬೇಳೆ ದಪ್ಪ, ನಿಧಾನಕ್ಕೆ ಕೆಂಪಾಗುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಉದ್ದು ಸೀಯುತ್ತದೆ, ಇಲ್ಲವೇ ಕಡಲೆ ಹಲ್ಲಿಗೆ ಸಿಕ್ಕಿ ಕಲ್ಲಾಗುತ್ತದೆ. ಕಾರಣ ಗೊತ್ತಿರುವವಳು ಒಲೆ ಬದಲಾದರೂ ತಾನೇ ಸುಧಾರಿಸಿಕೊಳ್ಳುತ್ತಾಳೆ. ನಿಮಿಷವನ್ನು ಮಾತ್ರ ನಂಬಿದವಳು ಇಂಡಕ್ಷನ್ ಒಲೆಯ ಮುಂದೆ ನಿನಗೆ ಶಾಪ ಹಾಕುತ್ತಾಳೆ. ಆದ್ದರಿಂದ ಪ್ರತಿ ನಿಮಿಷದ ಪಕ್ಕದಲ್ಲಿ ಕಣ್ಣಿಗೋ ಮೂಗಿಗೋ ಕಿವಿಗೋ ಸಿಗುವ ಒಂದು ಗುರುತು ಇರಲಿ. ಕಾವು ಊರಿನಿಂದ ಊರಿಗೂ ಬೇರೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೆಂದ ಬೇಳೆಯ ನಿಮಿಷ ಬೆಂಗಳೂರಿಗೆ ಸಾಲುವುದಿಲ್ಲ.

ರವೆ ಹಾಕುವ ಜಾಗದಲ್ಲಿ ಆತುರ ಬೇಡ, ಬರೆಯುವಾಗಲೂ. ಗಂಟಾಗುವುದು ಅಲ್ಲೇ. ರವೆ ಒಮ್ಮೆಲೇ ಬಿದ್ದರೆ ಗುಂಪಿನ ಹೊರಮೈ ಬೆಂದು ಅಂಟಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಕಾಳಿಗೆ ನೀರು ಹೋಗುವುದಿಲ್ಲ. ಉರಿ ತಗ್ಗಿಸಿ, ಎಡಗೈಯಲ್ಲಿ ಮಳೆಹನಿಯಂತೆ ಉದುರಿಸುತ್ತಾ ಬಲಗೈಯಲ್ಲಿ ತಿರುಗಿಸಬೇಕು. (ನೋಡು, ಮಳೆಗೆ ಇಲ್ಲಿ ಕೆಲಸ ಇದೆ.) ಆಮೇಲೆ ಮುಚ್ಚಿ 3 ನಿಮಿಷ ಸಣ್ಣ ಉರಿ, ಆರಿಸಿ 5 ನಿಮಿಷ ಬಿಡುವುದು, ಮುಚ್ಚಳ ತೆಗೆಯದೆ. ನಿಂಬೆರಸ, ಕಾಯಿತುರಿ ಕೊನೆಗೆ. ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನೂ ಅಲ್ಲೇ ಹೇಳು: ಗಂಟಾಗಿದ್ದರೆ ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ಬಾಣಲೆಯ ಗೋಡೆಗೆ ಒತ್ತುವುದು. ಗಟ್ಟಿಯಾದರೆ ಎರಡು ಟೇಬಲ್ ಚಮಚ ಬಿಸಿನೀರು ಚಿಮುಕಿಸಿ ಮತ್ತೆರಡು ನಿಮಿಷ ಮುಚ್ಚುವುದು.

'ಎಂಟು ಜನಕ್ಕಾದರೆ ಎಲ್ಲವನ್ನೂ ದುಪ್ಪಟ್ಟು ಮಾಡಿ' ಅಂದಿದ್ದೀಯ, ಮಾಡಿ ನೋಡದೆ. ಆವಿಯಾಗಿ ಹೋಗುವ ನೀರು ದುಪ್ಪಟ್ಟಾಗುವುದಿಲ್ಲ, ಅದಕ್ಕೆ ನೀರನ್ನು ದುಪ್ಪಟ್ಟಿಗಿಂತ ಸ್ವಲ್ಪ ಕಮ್ಮಿ ಹಾಕಬೇಕು. ಎಣ್ಣೆ ಒಂದೂವರೆ ಪಟ್ಟು ಸಾಕು. ಒಮ್ಮೆ ದೊಡ್ಡ ಬಾಣಲೆಯಲ್ಲಿ ಮಾಡಿ ಆಮೇಲೆ ಬರೆ.

ಹೆಸರಿನ ವಿಷಯ. ತಲೆಬರಹದಲ್ಲಿ 'ಸಜ್ಜಿಗೆ' ಅಂತಲೂ ಸೇರಿಸಿದ್ದೀಯ. ಮಂಗಳೂರು, ಉಡುಪಿಯವರಿಗೆ ಸಜ್ಜಿಗೆ ಅಂದರೆ ಉಪ್ಪಿಟ್ಟೇ, ಅವಲಕ್ಕಿ ಬಜಿಲ್ ಜೊತೆ ತಿನ್ನುವಂಥದ್ದು. ಮೈಸೂರು ಕಡೆಯ ಮನೆಯಲ್ಲಿ ಸಜ್ಜಿಗೆ ಸಿಹಿ. ಉತ್ತರದವರು ಆ ಸಿಹಿಯನ್ನು ಶಿರಾ ಅಂತಾರೆ. ಬೆಂಗಳೂರಿನ ಹೋಟೆಲಿನಲ್ಲಿ ಖಾರಾಭಾತ್ ಜೊತೆ ಕೇಸರಿಭಾತ್ ಬಡಿಸಿದರೆ ಚೌಚೌಭಾತ್. ಇದನ್ನು ಒಂದೇ ಸಾಲಲ್ಲಿ ಬಿಡಿಸಿಡು, ಇಲ್ಲದಿದ್ದರೆ ಮೈಸೂರಿನವರು ನಿನ್ನ ಸಜ್ಜಿಗೆಗೆ ಹಸಿಮೆಣಸಿನಕಾಯಿ ಬಿದ್ದದ್ದು ನೋಡಿ ಗಾಬರಿಯಾಗುತ್ತಾರೆ.

ಮುಂದೆ ಸಾರಿನ ಪುಡಿ ಬರೆಯುವ ಯೋಚನೆ ಇದೆಯಂತಲ್ಲ. ಅಲ್ಲಿ '10 ಒಣಮೆಣಸಿನಕಾಯಿ' ಅಂತ ಎಣಿಸಬೇಡ. ಬ್ಯಾಡಗಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಗುಂಟೂರು ಇದಕ್ಕೆ ಉಲ್ಟಾ. ತಳಿಯ ಹೆಸರು, ಗ್ರಾಂ ಎರಡೂ ಬೇಕು.

ಫೋಟೋಗೆ ಹೆಚ್ಚು ಹೇಳುವುದಿಲ್ಲ. ಟ್ಯೂಬ್‌ಲೈಟ್ ಆರಿಸು, ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ತಾ, ಬೆಳಕು ಬದಿಯಿಂದ ಬೀಳಲಿ, ಕಾಳು ಕಾಳಾಗಿ ಕಾಣುತ್ತದೆ. ಬಿಳಿ ಪಿಂಗಾಣಿಯ ಮೇಲೆ ಉಪ್ಪಿಟ್ಟು ರೋಗಿಯಂತೆ ಕಾಣುತ್ತದೆ, ಬಾಳೆಲೆ ಹಾಕು. ಆರಿದರೆ ಮೇಲ್ಮೈ ಒಣಗಿ ಸಪ್ಪೆಯಾಗುತ್ತದೆ, ಹತ್ತು ಭಂಗಿ ಬೇಡ. ಯಾವುದಾದರೂ ಕಂಪನಿ ಪುಕ್ಕಟೆ ಬಾಣಲೆ ಕಳಿಸಿದರೆ ಅದನ್ನು ಮೊದಲ ಸಾಲಲ್ಲೇ ಹೇಳು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ಮಾರ್ಗಸೂಚಿ ಮಾಡಿದೆ. ಅದು ಇರಲಿ ಬಿಡಲಿ, ಬಾಣಲೆ ತಳ ಹಿಡಿದಾಗ ನೀನು ಬರೆಯಲೇಬೇಕಾಗುತ್ತದಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ಬರೆದು ಮುಗಿಸಿದ ಮೇಲೆ ಸಾಮಗ್ರಿ ಪಟ್ಟಿಯ ಒಂದೊಂದನ್ನೂ ಬೆರಳಿಟ್ಟು ವಿಧಾನದಲ್ಲಿ ಹುಡುಕು. ನಿನ್ನ ಪಟ್ಟಿಯಲ್ಲಿ 10 ಗೋಡಂಬಿ ಇವೆ. ವಿಧಾನವನ್ನು ಎರಡು ಸಲ ಓದಿದೆ, ಎಲ್ಲೂ ಸಿಗಲಿಲ್ಲ. ಒಗ್ಗರಣೆಗೆ ಹಾಕಿದೆಯಾ, ಮೇಲೆ ಉದುರಿಸಿದೆಯಾ, ಇಲ್ಲ ಹುರಿಯುವಾಗ ನಿಂತಲ್ಲೇ ತಿಂದು ಮುಗಿಸಿದೆಯಾ? ಮುಂದಿನ ಕರಡಿನಲ್ಲಿ ತಿಳಿಸು.

ಇಂತಿ,
ನಿನ್ನ ಉಪ್ಪಿಟ್ಟಿನ ಓದುಗ