ನೀನು ಹೊರಡುವ ಮುನ್ನ

ಪ್ರಿಯ ಗೆಳೆಯಾ,

ಊರಿಗೆ ಮರಳುವ ದಿನ ಗೊತ್ತಾಯಿತೆಂದು ಬರೆದಿದ್ದೀಯ. ಓದಿ ಸುಮ್ಮನೆ ಕೂತುಬಿಟ್ಟೆ. ಮನೆ ಖಾಲಿ ಮಾಡುವುದು, ಬ್ಯಾಂಕ್ ಖಾತೆ ಮುಚ್ಚುವುದು, ಮಗಳ ಶಾಲೆಯ ದಾಖಲೆ ಪಡೆಯುವುದು, ಇವುಗಳ ಬಗ್ಗೆ ನೀನು ಕೇಳಿದ್ದಕ್ಕೆಲ್ಲ ಬೇರೆಯಾಗಿ ಉತ್ತರ ಬರೆಯುತ್ತೇನೆ. ‘ಮನೆಗೇ ಹೋಗುತ್ತಿರುವಾಗ ಇಲ್ಲಿಯದು ಏನು ತಾನೇ ನೆನಪಾದೀತು’ ಎಂದು ಕೊನೆಯಲ್ಲಿ ಕೇಳಿದ್ದೀಯಲ್ಲ, ಈ ಪತ್ರ ಆ ಮಾತಿಗಾಗಿ.

ನಾನೂ ಹಾಗೆಯೇ ಅಂದುಕೊಂಡು ಬಂದವನು. ಬಂದು ಆರು ವರ್ಷವಾಯಿತು.

ನನಗೆ ಮೊದಲು ಇಲ್ಲವಾದದ್ದು ಮೌನ. ಅಲ್ಲಿ ಬಸ್ಸಿನಲ್ಲಿ ಕೂತರೆ ಸುತ್ತಲಿನ ಮಾತು ಮಳೆಯ ಸದ್ದಿನ ಹಾಗೆ ಇರುತ್ತಿತ್ತು. ಅವರ ಭಾಷೆ ಬರುತ್ತಿತ್ತು ನಿಜ, ಆದರೆ ಗಮನ ಕೊಟ್ಟರಷ್ಟೇ ಅರ್ಥ, ಇಲ್ಲವಾದರೆ ಬರೀ ಸದ್ದು. ತಾಯ್ನುಡಿಗೆ ಕಿವಿ ಮುಚ್ಚಲು ಬರುವುದಿಲ್ಲ. ಪಕ್ಕದವರ ಸಾಲ, ಹಿಂದಿನ ಸೀಟಿನವರ ಮಗನ ಪರೀಕ್ಷೆ, ಯಾರದೋ ಅಣ್ಣತಮ್ಮಂದಿರ ಜಗಳ, ಎಲ್ಲವೂ ಕೇಳದೆಯೇ ಒಳಗೆ ಬಂದುಬಿಡುತ್ತಿದ್ದವು. ಮೊದಲ ಕೆಲವು ವಾರ ಸಂಜೆಯ ಹೊತ್ತಿಗೆ ಕಾರಣವೇ ತಿಳಿಯದೆ ದಣಿದಿರುತ್ತಿದ್ದೆ.

ಹೊರಗಿನವನಿಗೆ ಸಿಗುವ ಕ್ಷಮೆಯೂ ಹೋಯಿತು. ಅಲ್ಲಿ ಅರ್ಜಿ ತಪ್ಪಾಗಿ ತುಂಬಿದರೆ ನಿಧಾನವಾಗಿ ಹೇಳಿಕೊಡುತ್ತಿದ್ದರು. ಇಲ್ಲಿ ಎಷ್ಟೋ ಪದ್ಧತಿಗಳು ನಾನಿಲ್ಲದಾಗ ಬದಲಾಗಿದ್ದವು. ಕೇಳಿದರೆ, ‘ನೀವು ಇಲ್ಲಿಯವರೇ ಅಲ್ಲವೇ?’ ಎಂಬ ನೋಟ. ನಿನಗೂ ಆ ನೋಟ ಎದುರಾಗುತ್ತದೆ. ಸಂಕೋಚಪಡದೆ ಮತ್ತೊಮ್ಮೆ ಕೇಳು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ನಮ್ಮ ಆ ಗುಂಪು. ಯೋಚಿಸಿ ನೋಡು, ‘ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು’ ಎಂಬ ಜಾಗದಲ್ಲಿ ನಾನು ನಿನ್ನ ಹೆಸರು ಬರೆದಾಗ ನಮ್ಮ ಪರಿಚಯಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. ಬೇರೆ ಯಾರಿದ್ದರು? ನನಗೆ ಜ್ವರ ಬಂದ ರಾತ್ರಿ ಬಾಗಿಲು ತೆರೆದವನು ನೀನು, ನನ್ನ ಮನೆಯ ಇನ್ನೊಂದು ಕೀಲಿಕೈ ನಿನ್ನಲ್ಲಿತ್ತು. ಉಳಿದವರೂ ಹಾಗೆಯೇ. ಒಬ್ಬೊಬ್ಬರದು ಒಂದೊಂದು ದೇಶ, ಒಬ್ಬರಿಗೂ ಆ ಊರಿನಲ್ಲಿ ಬಂಧುಗಳಿರಲಿಲ್ಲ. ಹುಟ್ಟೂರಿನಲ್ಲಿ ಸ್ನೇಹಕ್ಕೆ ವರ್ಷಗಳು ಬೇಕು, ಏಕೆಂದರೆ ಇಲ್ಲಿ ಪ್ರತಿಯೊಬ್ಬರಿಗೂ ಆಗಲೇ ಬೇಕಾದಷ್ಟು ಜನರಿದ್ದಾರೆ. ಆ ಊರಿಗೆ ಮತ್ತೆ ಹೋದರೆ ಬೀದಿ ಸಿಗಬಹುದು, ಆ ಗುಂಪು ಸಿಗುವುದಿಲ್ಲ. ಅವರೆಲ್ಲ ಚದುರಿಹೋಗಿದ್ದಾರೆ. ಕೊನೆಗೆ ಉಳಿದವನು ನೀನೊಬ್ಬನೇ.

ಮೊದಲ ವರ್ಷ ನನ್ನಲ್ಲೇ ಏನೋ ದೋಷವಿದೆ ಎಂದು ಹೆದರಿದ್ದೆ. ಮನೆಗೆ ಬಂದವನು ಸಂತೋಷವಾಗಿರಬೇಕಲ್ಲವೇ? ಆಮೇಲೆ ಓದುತ್ತಾ ಹೋದಂತೆ ಇದಕ್ಕೆ ‘ರಿವರ್ಸ್ ಕಲ್ಚರ್ ಶಾಕ್’ (ಮರಳಿದವರಿಗೆ ತಮ್ಮ ಊರೇ ಹೊಸದೆನಿಸಿ ಕಂಗೆಡಿಸುವುದು) ಎಂಬ ಹೆಸರೂ ಒಂದು ಇತಿಹಾಸವೂ ಇವೆ ಎಂದು ತಿಳಿಯಿತು. ಅಮೆರಿಕದಲ್ಲಿ ಇದ್ದು ಬಂದ ನಾರ್ವೆಯ ಫುಲ್‌ಬ್ರೈಟ್ ವಿದ್ಯಾರ್ಥಿವೇತನದವರ ಅನುಭವವನ್ನು ಅಭ್ಯಸಿಸಿದ ಲಿಸ್ಗೋರ್, ಪರದೇಶಕ್ಕೆ ಹೊಂದಿಕೊಳ್ಳುವುದು ‘ಯು’ ಅಕ್ಷರದಂತೆ ಇಳಿದು ಏರುತ್ತದೆ ಎಂದು 1955ರಲ್ಲಿ ಬರೆದರು. ಮರಳಿದ ಮೇಲೆ ಅದೇ ಇಳಿತ ಇನ್ನೊಮ್ಮೆ ಬರುತ್ತದೆ, ಆದ್ದರಿಂದ ಅದು ‘ಡಬ್ಲ್ಯು’ ಎಂದು 1963ರಲ್ಲಿ ಗಲ್ಲಾಹಾರ್ನ್ ದಂಪತಿ ಸೇರಿಸಿದರು. ನಾನು ಆ ಎರಡನೆಯ ಇಳಿಜಾರಿನಲ್ಲಿದ್ದೆ, ಅಷ್ಟೇ.

ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶೂಟ್ಸ್ ಇನ್ನೂ ಮೊದಲೇ, 1945ರಲ್ಲಿ, ಯುದ್ಧದಿಂದ ಮರಳುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ಮರಳುವವನು ಬಿಟ್ಟುಹೋದ ಮನೆ ಈಗ ಇಲ್ಲ, ಬಿಟ್ಟುಹೋದ ಮನುಷ್ಯನೂ ಈಗ ಇಲ್ಲ ಎಂಬುದು ಅವರ ಮಾತಿನ ಸಾರ. ಇದನ್ನು ಓದಿದ ಮೇಲೆ ನನ್ನ ಒಂದು ಕೋಪ ಇಳಿಯಿತು. ‘ಹೇಗಿತ್ತು ಅಲ್ಲಿ?’ ಎಂದು ಕೇಳಿದವರು ನನ್ನ ಎರಡನೆಯ ವಾಕ್ಯಕ್ಕೇ ಬೇರೆ ಮಾತಿಗೆ ಹೊರಳುತ್ತಿದ್ದರು. ನೋಯುತ್ತಿತ್ತು. ಆದರೆ ನಾನಿಲ್ಲದ ಆ ವರ್ಷಗಳಲ್ಲಿ ಅವರಿಗೆ ಏನಾಯಿತೆಂದು ನಾನು ಕೇಳಿದ್ದೆನೇ? ತಂಗಿಯ ಕಷ್ಟದ ಎರಡು ವರ್ಷಗಳ ವಿಷಯ ನನಗೆ ತಿಳಿದದ್ದು ಕಳೆದ ವರ್ಷ.

ಮಗಳ ಬಗ್ಗೆ ಒಂದು ಮಾತು. ‘ಮರಳುತ್ತಿದ್ದೇವೆ’ ಎಂಬ ಪದ ಅವಳಿಗೆ ಸಲ್ಲುವುದಿಲ್ಲ. ಅವಳು ಹುಟ್ಟಿದ್ದು ಅಲ್ಲಿ. ನಿನಗೆ ಊರಿಗೆ ಬರುವುದಾದರೆ, ಅವಳಿಗೆ ಊರು ಬಿಡುವುದು. ಅವಳ ಗೆಳತಿಯರ ಮನೆಗೆ ಕರೆದುಕೊಂಡು ಹೋಗಿ, ಅವಸರ ಮಾಡದೆ, ಚೆನ್ನಾಗಿ ವಿದಾಯ ಹೇಳಿಸು. ಅತ್ತರೆ ಅಳಲಿ.

ನನ್ನ ಮೊಬೈಲಿನಲ್ಲಿ ಇಂದಿಗೂ ಎರಡು ಗಡಿಯಾರಗಳಿವೆ. ನಿನಗೆ ಕರೆ ಮಾಡಲು ಹೊತ್ತು ಸರಿಯೇ ಎಂದು ನೋಡಲೆಂದೇ ಎರಡನೆಯದನ್ನು ಉಳಿಸಿಕೊಂಡಿದ್ದೆ. ನೀನೂ ಬಂದ ಮೇಲೆ ಅದರಲ್ಲಿ ಯಾರ ಹೊತ್ತನ್ನು ನೋಡಲಿ?

ಹೊರಡುವ ವಾರ ಬಿಡುವು ಮಾಡಿಕೊಂಡು ಬಸ್ ನಿಲ್ದಾಣದಿಂದ ನನ್ನ ಹಳೆಯ ಮನೆಯವರೆಗೆ ನಡೆದು ಹೋಗು. ನಿಲ್ದಾಣದ ಹೆಸರು ಕೂಗುವ ಆ ಹೆಣ್ಣುದನಿಯನ್ನು ಧ್ವನಿಮುದ್ರಿಸಿಕೊಂಡು ಬಾ, ನನಗೆ ಆಗ ಹೊಳೆಯಲಿಲ್ಲ. ಮೂಲೆಯ ಮನೆಯ ಮುಂದಿದ್ದ ಮರ ಇನ್ನೂ ಇದೆಯೇ, ನೋಡಿ ಬರೆ.

ಇಂತಿ,
ನಿನ್ನ ಗೆಳೆಯ